ಲೇಸರ್‌ನಿಂದ ಇನ್ಸುಲಿನ್ ಕೊಡಬಹುದಾ? ಸೂಜಿ ಬಿಡಬಹುದಾ?

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಟೈಪ್ 1 ಡಯಾಬಿಟಿಸ್ ಇದೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು. ಪ್ರತಿ ಸಲವೂ ಅಳು, ರಂಪ. ಕೊರಿಯಾದಲ್ಲಿ ಸೂಜಿ ಇಲ್ಲದೆ ಲೇಸರ್‌ನಿಂದಲೇ ಚರ್ಮದೊಳಗೆ ಔಷಧ ಕಳಿಸುತ್ತಾರೆ ಅಂತ ಒಂದು ವಿಡಿಯೊ ನೋಡಿದೆ. ಅದು ಇನ್ಸುಲಿನ್‌ಗೂ ಬರುತ್ತದಾ? ನಾವು ಎಷ್ಟು ದಿನ ಕಾಯಬೇಕು? ಇನ್ನೊಂದು ವಿಷಯ. ನನ್ನ ನಾದಿನಿಗೆ ಕೆನ್ನೆ ಮೇಲೆ ಬಂಗು ಇದೆ. ಇಲ್ಲಿನ ಒಂದು ಕ್ಲಿನಿಕ್‌ನಲ್ಲಿ ‘ಸೂಜಿಯಿಲ್ಲದೆ ಲೇಸರ್ ಮೂಲಕ ಔಷಧ’ ಅಂತ ಪ್ಯಾಕೇಜ್ ಹೇಳಿದ್ದಾರೆ. ಮುಂದಿನ ತಿಂಗಳು ಮನೆಯಲ್ಲಿ ಮದುವೆ. ಮಾಡಿಸಬಹುದಾ?
— ಓದುಗರು, ತುಮಕೂರು

ಉತ್ತರ: ಮೊದಲು ಮಗಳ ವಿಷಯ. ದಯವಿಟ್ಟು ಕಾಯಬೇಡಿ. ಇನ್ಸುಲಿನ್ ಕೊಡುವ ಲೇಸರ್ ಯಂತ್ರ ಇವತ್ತು ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಯಾರಾದರೂ ‘ನಮ್ಮಲ್ಲಿದೆ’ ಅಂದರೆ ನಂಬಬೇಡಿ. ಟೈಪ್ 1 ಇರುವ ಮಗುವಿನ ದೇಹ ಇನ್ಸುಲಿನ್ ಅನ್ನು ಹೆಚ್ಚುಕಡಿಮೆ ತಯಾರಿಸುವುದೇ ಇಲ್ಲ. ಒಂದು ದಿನ ತಪ್ಪಿದರೂ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲದಂಥ ವಸ್ತು ಏರಿ ಆಸ್ಪತ್ರೆ ಸೇರಬೇಕಾಗಬಹುದು. ಆದ್ದರಿಂದ ಸೂಜಿ ಸದ್ಯಕ್ಕೆ ಇದ್ದೇ ಇರುತ್ತದೆ. ನೋವು ಕಡಿಮೆ ಮಾಡಲು ಇವತ್ತೇ ಮಾಡಬಹುದಾದ ಕೆಲಸಗಳಿವೆ, ಅದನ್ನು ಮುಂದೆ ಬರೆದಿದ್ದೇನೆ.

ಸಕ್ಕರೆ ಕಾಯಿಲೆ ನನ್ನ ವಿಭಾಗವಲ್ಲ, ನಾನು ಚರ್ಮರೋಗದ ಡಾಕ್ಟರ್. ಆದರೆ ಔಷಧ ಚರ್ಮ ದಾಟುತ್ತದಾ ಇಲ್ಲವಾ ಅನ್ನುವ ಪ್ರಶ್ನೆ ನಮ್ಮದೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀವು ನೋಡಿದ ವಿಡಿಯೊ ಮತ್ತು ನಿಮ್ಮ ನಾದಿನಿಗೆ ಹೇಳಿದ ಪ್ಯಾಕೇಜ್ ಎರಡರಲ್ಲೂ ಲೇಸರ್ ಅನ್ನುವ ಪದ ಇದ್ದರೂ ಅವು ಬೇರೆ ಬೇರೆ ವಿದ್ಯೆಗಳು.

ನಮ್ಮ ಚರ್ಮದ ಅತಿ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಮೈಯ ಹೆಚ್ಚಿನ ಭಾಗಗಳಲ್ಲಿ ಅದರ ದಪ್ಪ 10ರಿಂದ 20 ಮೈಕ್ರಾನ್, ಅಂದರೆ ಒಂದು ತಲೆಗೂದಲಿಗಿಂತ ಎಷ್ಟೋ ತೆಳು. ಆದರೆ ಔಷಧವನ್ನು ತಡೆಯುವುದು ಮುಖ್ಯವಾಗಿ ಇದೇ. ಚಪ್ಪಟೆ ಕೋಶಗಳು ಇಟ್ಟಿಗೆಗಳಂತೆ ಜೋಡಿಸಿಕೊಂಡಿರುತ್ತವೆ, ನಡುವೆ ಕೊಬ್ಬಿನ ಗಾರೆ. ನೀರಿನಲ್ಲಿ ಕರಗುವ ವಸ್ತು ಈ ಕೊಬ್ಬನ್ನು ಸುಲಭವಾಗಿ ದಾಟಲಾರದು. ದೊಡ್ಡ ಅಣುವೂ ದಾಟಲಾರದು. ಅಣುವಿನ ತೂಕವನ್ನು ಡಾಲ್ಟನ್ ಅನ್ನುವ ಮಾಪಿನಲ್ಲಿ ಹೇಳುತ್ತೇವೆ. 500 ಡಾಲ್ಟನ್‌ಗಿಂತ ಭಾರವಾದ ಅಣು ಮಾಮೂಲಿ ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ ಅಂತ ನಾವು ಅಂದಾಜು ಇಟ್ಟುಕೊಳ್ಳುತ್ತೇವೆ. ಸಿಗರೇಟ್ ಬಿಡಲು ಅಂಟಿಸುವ ಪ್ಯಾಚ್‌ನಲ್ಲಿರುವ ನಿಕೋಟಿನ್ 162 ಡಾಲ್ಟನ್, ಹಾಗಾಗಿ ದಾಟುತ್ತದೆ. 1979ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಪ್ಯಾಚ್ ಪ್ರಯಾಣದ ವಾಂತಿಗೆ ಕೊಡುವ ಸ್ಕೊಪಾಲಮಿನ್‌ನದು. ಅದು ಸುಮಾರು 300. ಇನ್ಸುಲಿನ್ ಎಷ್ಟು ಗೊತ್ತಾ? ಸುಮಾರು 5,800. ಇನ್ಸುಲಿನ್ ಮುಲಾಮು ಅಂತ ಯಾವುದೂ ಯಾಕೆ ಇಲ್ಲ ಅನ್ನುವುದಕ್ಕೆ ಈ ಒಂದು ಅಂಕಿ ಸಾಕು.

ಹಾಗಾದರೆ ಆ ತೆಳು ಪದರದಲ್ಲಿ ತೂತು ಮಾಡಿಬಿಟ್ಟರೆ? ಚರ್ಮದ ಕ್ಲಿನಿಕ್‌ಗಳಲ್ಲಿ ಮಾಡುವ ಲೇಸರ್ ಇದೇ. ಹೆಸರು ಫ್ರ್ಯಾಕ್ಷನಲ್ ಲೇಸರ್. ಒಂದು ಕಿರಣವನ್ನು ನೂರಾರು ಸಣ್ಣ ಚುಕ್ಕೆಗಳಾಗಿ ಒಡೆದು ಚರ್ಮದ ಮೇಲೆ ಬಿಡುತ್ತಾರೆ. ಚುಕ್ಕೆ ಬಿದ್ದಲ್ಲಿ ಚರ್ಮದ ನೀರು ತಕ್ಷಣ ಆವಿಯಾಗಿ ಕೂದಲೆಳೆ ಅಗಲದ ಸಣ್ಣ ಕೊಳವೆ ಆಗುತ್ತದೆ. ಅಕ್ಕಪಕ್ಕದ ಚರ್ಮ ಹಾಗೇ ಉಳಿಯುವುದರಿಂದ ಗಾಯ ಬೇಗ ಮಾಯುತ್ತದೆ. ಚುಕ್ಕೆಚುಕ್ಕೆಯಾಗಿ ಸುಡುವ ಈ ಯೋಚನೆಯನ್ನು 2004ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೈಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದರು. ಅವರ ಉದ್ದೇಶ ಸುಕ್ಕು, ಕಲೆ ಸರಿ ಮಾಡುವುದಾಗಿತ್ತು. ತೂತು ಹೇಗೂ ಆಗಿದೆ, ಅದರೊಳಗೆ ಔಷಧ ಯಾಕೆ ಬಿಡಬಾರದು ಅನ್ನುವುದು ಆಮೇಲೆ ಬಂದ ಬುದ್ಧಿ. 2010ರಲ್ಲಿ ಡೆನ್ಮಾರ್ಕ್‌ನ ಮೆರೆಟೆ ಹೇಡರ್ಸ್‌ಡಾಲ್ ಮತ್ತು ಸಂಗಡಿಗರು ಹಂದಿಯ ಚರ್ಮದ ಮೇಲೆ ಹೀಗೆ ಕ್ರೀಮ್ ಹಚ್ಚಿ, ಅದು ಆಳಕ್ಕೆ ಇಳಿಯುವುದನ್ನು ತೋರಿಸಿದರು.

ಇದಕ್ಕೆ ಬಳಸುವ ಲೇಸರ್ ಮುಖ್ಯವಾಗಿ ಎರಡು. ಒಂದು ಕಾರ್ಬನ್ ಡೈಆಕ್ಸೈಡ್ ಲೇಸರ್, ಅದರ ಬೆಳಕಿನ ತರಂಗದ ಉದ್ದ 10,600 ನ್ಯಾನೋಮೀಟರ್. ಇನ್ನೊಂದು ಅರ್ಬಿಯಂ ಯಾಗ್, 2,940 ನ್ಯಾನೋಮೀಟರ್. ಈ ಎರಡನೆಯದನ್ನು ನೀರು ಹತ್ತು ಪಟ್ಟಿಗಿಂತ ಜಾಸ್ತಿ ಹೀರುತ್ತದೆ. ಹಾಗಾಗಿ ಅದು ಚರ್ಮವನ್ನು ಚೊಕ್ಕವಾಗಿ ಕೊರೆಯುತ್ತದೆ, ಸುತ್ತಲೂ ಬಿಸಿ ಕಡಿಮೆ. ಮೊದಲನೆಯದು ಕೊಳವೆಯ ಗೋಡೆಯನ್ನು ಸ್ವಲ್ಪ ಬೇಯಿಸಿಬಿಡುತ್ತದೆ. ನಮ್ಮಂಥ ಕಂದು ಚರ್ಮದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಯಾಕೆ ಅಂತ ನಾದಿನಿಯ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ನೀವು ಕೇಳಿದ ಕೊರಿಯಾದ ವಿದ್ಯೆಯಲ್ಲಿ ಲೇಸರ್ ಚರ್ಮವನ್ನು ಮುಟ್ಟುವುದೇ ಇಲ್ಲ. ಸಿಯೋಲ್ ನ್ಯಾಷನಲ್ ಯೂನಿವರ್ಸಿಟಿಯ ಜ್ಯಾಕ್ ಯೋ ಮೂಲತಃ ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಇಂಜಿನಿಯರಿಂಗ್ ಕಡೆಯವರು. 2012ರಲ್ಲಿ ಅವರ ತಂಡ ಪ್ರಕಟಿಸಿದ ಸಾಧನ ಹೀಗಿದೆ. ಒಂದು ಪುಟ್ಟ ಕೋಣೆಯಲ್ಲಿ ನೀರು, ಅದರ ಕೆಳಗೆ ಇನ್ನೊಂದರಲ್ಲಿ ಔಷಧ. ನಡುವೆ ರಬ್ಬರಿನಂಥ ತೆಳು ಪೊರೆ. ಅದೇ ಅರ್ಬಿಯಂ ಯಾಗ್ ಲೇಸರನ್ನು ನೀರಿನೊಳಗೆ ಒಂದು ಕ್ಷಣ ಮಿಡಿಸುತ್ತಾರೆ. ಕ್ಷಣ ಅಂದರೆ ಸೆಕೆಂಡಿನ ನಾಲ್ಕು ಸಾವಿರ ಪಾಲಿನಲ್ಲಿ ಒಂದು ಪಾಲು. ನೀರಿನಲ್ಲಿ ಆವಿಯ ಗುಳ್ಳೆ ಉಬ್ಬುತ್ತದೆ, ಪೊರೆಯನ್ನು ತಳ್ಳುತ್ತದೆ, ಕೆಳಗಿನ ಔಷಧ 150 ಮೈಕ್ರಾನ್ ಅಗಲದ ಬಾಯಿಯಿಂದ ಚಿಮ್ಮುತ್ತದೆ. ಚರ್ಮ ತಡೆಯಬಲ್ಲ ಬಲಕ್ಕಿಂತ ಆ ಚಿಮ್ಮುವಿಕೆಯ ಒತ್ತಡ ಜಾಸ್ತಿ. ಹಾಗಾಗಿ ದ್ರವವೇ ಸೂಜಿಯ ಕೆಲಸ ಮಾಡುತ್ತದೆ. ಪೊರೆ ಇರುವುದರಿಂದ ಔಷಧಕ್ಕೆ ಲೇಸರಿನ ಬಿಸಿ ತಾಗುವುದಿಲ್ಲ. ನಿಜ ಹೇಳಬೇಕೆಂದರೆ ಈ ಪೊರೆಯೇ ನನಗೆ ಹೆಚ್ಚು ಇಷ್ಟವಾದ ಭಾಗ. ಇನ್ಸುಲಿನ್‌ನಂಥ ಪ್ರೋಟೀನು ಬಿಸಿಯಾದರೆ ಕೆಡುತ್ತದೆ, ಅಲ್ವಾ?

ಅದೇ ವರ್ಷ ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ತೆಳು ಗಾಜಿನ ನಳಿಕೆಯಲ್ಲಿ ಲೇಸರ್ ಹಾಯಿಸಿ ಸೆಕೆಂಡಿಗೆ 850 ಮೀಟರ್‌ವರೆಗಿನ ವೇಗದ ದ್ರವದ ಎಳೆ ತೆಗೆದು ತೋರಿಸಿದರು. ಶಬ್ದಕ್ಕಿಂತ ವೇಗ! ಚರ್ಮ ದಾಟಲು ಅಷ್ಟೆಲ್ಲ ಬೇಕಾಗಿಲ್ಲ ಬಿಡಿ. ಕೊರಿಯಾದಲ್ಲಿ ಈಗ ಮಿರಾಜೆಟ್ ಅನ್ನುವ ಹೆಸರಿನಲ್ಲಿ ಇಂಥ ಯಂತ್ರ ಬಂದಿದೆ. ಬಳಕೆ ಹೆಚ್ಚಾಗಿ ಸೌಂದರ್ಯ ಚಿಕಿತ್ಸೆಯ ಕ್ಲಿನಿಕ್‌ಗಳಲ್ಲಿ, ಮುಖದ ಚರ್ಮದೊಳಗೆ ದ್ರವ ತುಂಬಲು. ವಿಡಿಯೊದಲ್ಲಿ ನೀವು ನೋಡಿದ್ದು ಬಹುಶಃ ಇಂಥದ್ದೇ.

ಈಗ ನಿಮ್ಮ ಮಗಳ ಲೆಕ್ಕ ಹಾಕೋಣ. ಲೇಸರ್ ಜೆಟ್‌ನಲ್ಲಿ ಒಂದು ಮಿಡಿತಕ್ಕೆ ಹೊರಬರುವ ಔಷಧ ಸುಮಾರು ಒಂದು ಮೈಕ್ರೋಲೀಟರ್ ಅಂತಿಟ್ಟುಕೊಳ್ಳಿ. ಎಷ್ಟೋ ಸಲ ಅದಕ್ಕೂ ಕಡಿಮೆ. ಪೆನ್ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರ್‌ಗೆ 100 ಯೂನಿಟ್. ಅಂದರೆ ಒಂದು ಯೂನಿಟ್‌ಗೆ ಹತ್ತು ಮೈಕ್ರೋಲೀಟರ್. ಊಟಕ್ಕೆ ಮುಂಚೆ ಎಂಟು ಯೂನಿಟ್ ಬೇಕು ಅಂದರೆ ಎಂಬತ್ತು ಮಿಡಿತ. ಯಂತ್ರ ಸೆಕೆಂಡಿಗೆ ಹಲವು ಸಲ ಮಿಡಿಯುವುದರಿಂದ ಅದೇನೂ ಅಸಾಧ್ಯವಲ್ಲ. ತೊಡಕು ಇರುವುದು ಬೇರೆ ಕಡೆ. ಆ ಎಂಬತ್ತರಲ್ಲಿ ಎಷ್ಟು ಒಳಗೆ ಹೋಯಿತು, ಎಷ್ಟು ಚರ್ಮದ ಮೇಲೇ ಸಿಡಿದು ಉಳಿಯಿತು? ಕೈ ಸ್ವಲ್ಪ ಓರೆಯಾದರೆ? ಮಗು ಅಲುಗಿದರೆ? ಸೂಜಿಯಲ್ಲಿ ಈ ಅನುಮಾನ ತೀರಾ ಕಡಿಮೆ. ಎಂಟು ಯೂನಿಟ್ ತಿರುಗಿಸಿದಿರಿ, ಒತ್ತಿದಿರಿ, ಹತ್ತು ಎಣಿಸಿದಿರಿ, ಎಂಟು ಹೋಯಿತು.

ಸೂಜಿಯಿಲ್ಲದ ಔಷಧದ ಕತೆಯಲ್ಲೆಲ್ಲ ನಿಜವಾದ ಗಂಟು ಇದೇ. ಚರ್ಮ ದಾಟುವ ದಾರಿ ಬಹಳ ಹಿಂದೆಯೇ ಸಿಕ್ಕಿದೆ. ದಾಟಿದ್ದು ಎಷ್ಟು ಅಂತ ಪ್ರತಿ ಸಲ ಖಚಿತವಾಗಿ ಹೇಳುವುದು ಕಷ್ಟ. ಇನ್ಸುಲಿನ್‌ನಲ್ಲಿ ಎರಡು ಯೂನಿಟ್ ಜಾಸ್ತಿಯಾದರೆ ಮಗು ರಾತ್ರಿ ನಿದ್ದೆಯಲ್ಲೇ ಶುಗರ್ ಇಳಿದು ಬೆವರಬಹುದು. ಕಡಿಮೆಯಾದರೆ ಬೆಳಿಗ್ಗೆ ಮುನ್ನೂರು ದಾಟಬಹುದು. ಫ್ರ್ಯಾಕ್ಷನಲ್ ಲೇಸರಿನ ತೂತುಗಳಂತೂ ಇದಕ್ಕೆ ಇನ್ನೂ ಒಗ್ಗುವುದಿಲ್ಲ. ಕೊರೆದ ಕ್ಷಣದಿಂದಲೇ ಅವು ಒಸರುವ ದ್ರವದಿಂದ ತುಂಬಿಕೊಳ್ಳಲು, ಮುಚ್ಚಿಕೊಳ್ಳಲು ಶುರುವಾಗುತ್ತವೆ. ಒಂದನೇ ಗಂಟೆಯಲ್ಲಿ ಹೋದಷ್ಟು ಐದನೇ ಗಂಟೆಯಲ್ಲಿ ಹೋಗುವುದಿಲ್ಲ. ಬೇಸಿಗೆಯಲ್ಲಿ ಒಂದು ಥರ, ಚಳಿಯಲ್ಲಿ ಒಂದು ಥರ. ಜೊತೆಗೆ ದಿನಕ್ಕೆ ನಾಲ್ಕು ಸಲ ಮಗುವಿನ ಚರ್ಮ ಕೊರೆಯುವುದು ಅಂದರೇನು, ಯೋಚಿಸಿ.

ಸ್ಪ್ರಿಂಗ್ ಅಥವಾ ಗಾಳಿಯ ಒತ್ತಡದಿಂದ ಇನ್ಸುಲಿನ್ ಚಿಮ್ಮಿಸುವ ಜೆಟ್ ಸಾಧನಗಳು ದಶಕಗಳಿಂದ ಇವೆ. ಅವುಗಳಿಂದ ಒಂದು ಪಾಠ ಸಿಗುತ್ತದೆ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಆರೋಗ್ಯವಂತರ ಮೇಲೆ ಮಾಡಿದ ಅಧ್ಯಯನದಲ್ಲಿ, ವೇಗದ ಇನ್ಸುಲಿನ್ ಪೆನ್ನಿನಿಂದ ಕೊಟ್ಟಾಗ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು 64 ನಿಮಿಷ ಬೇಕಾಯಿತು. ಜೆಟ್‌ನಿಂದ ಕೊಟ್ಟಾಗ 31 ನಿಮಿಷ. ದ್ರವ ಅಗಲವಾಗಿ ಹರಡಿಕೊಳ್ಳುವುದರಿಂದ ಬೇಗ ಹೀರಿಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅರ್ಥ ಏನು? ಸಾಧನ ಬದಲಾದರೆ ಊಟದ ಹೊತ್ತು, ಡೋಸು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಇನ್ನೊಂದು ಮಾತು: ಸೂಜಿ ಇಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಜೆಟ್ ಬಳಸಿದ ಜಾಗ ಕಂದಿ ನೀಲಿಗಟ್ಟುವುದುಂಟು. ಕೆಲವರಿಗೆ ಸೂಜಿಗಿಂತ ಅದೇ ಜಾಸ್ತಿ ಉರಿ.

ಹಾಗಂತ ಈ ವಿದ್ಯೆಯೇ ಸುಳ್ಳು ಅನ್ನುವುದು ತಪ್ಪು. ಲಸಿಕೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಕೋವಿಡ್ ಹೊತ್ತಿನಲ್ಲಿ, 2021ರ ಆಗಸ್ಟ್‌ನಲ್ಲಿ, ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಕಂಪನಿಯ ಝೈಕೋವ್-ಡಿ ಲಸಿಕೆಗೆ ನಮ್ಮ ದೇಶದಲ್ಲಿ ತುರ್ತು ಬಳಕೆಯ ಒಪ್ಪಿಗೆ ಸಿಕ್ಕಿತು. ಅದಕ್ಕೆ ಸೂಜಿ ಇರಲಿಲ್ಲ. ಫಾರ್ಮಾಜೆಟ್ ಕಂಪನಿಯ ಸ್ಪ್ರಿಂಗ್ ಸಾಧನದಿಂದ ಚರ್ಮದೊಳಗೆ ಚಿಮ್ಮಿಸುತ್ತಿದ್ದರು. ಚರ್ಮದಲ್ಲಿ ರೋಗನಿರೋಧಕ ಕೋಶಗಳು ಜಾಸ್ತಿ, ಅಲ್ಲಿಗೇ ತಲುಪಿದರೆ ಸಾಕು. ಹತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆ ಆದರೆ ಯಾರಿಗೂ ಆ ರಾತ್ರಿಯೇ ಅಪಾಯವಿಲ್ಲ. ಇನ್ಸುಲಿನ್‌ಗೆ ಈ ಸಡಿಲಿಕೆ ಇಲ್ಲ.

ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಒಳ್ಳೆಯ ಕೆಲಸ ಆಗಿದೆ. ಏರೋಸ್ಪೇಸ್ ವಿಭಾಗದ ಜಿ. ಜಗದೀಶ್, ಜೀವಾಣು ವಿಜ್ಞಾನಿ ದೀಪ್‌ಶಿಖಾ ಚಕ್ರವರ್ತಿ ಮತ್ತು ಸಂಗಡಿಗರು ಪುಟ್ಟ ಆಘಾತ ತರಂಗ ಎಬ್ಬಿಸಿ, ಇಲಿಗಳಿಗೆ ಸಾಲ್ಮೊನೆಲ್ಲಾ ಲಸಿಕೆಯನ್ನು ಸೂಜಿಯಿಲ್ಲದೆ ಕೊಟ್ಟರು. 2011ರಲ್ಲಿ ಅದು ಪ್ರಕಟವಾಯಿತು. ಬೇರೆ ದಾರಿಗಳಲ್ಲಿ ಕೊಡುವುದಕ್ಕಿಂತ ಹತ್ತನೇ ಒಂದು ಪಾಲು ಡೋಸ್‌ನಲ್ಲೇ ಒಳ್ಳೆಯ ರಕ್ಷಣೆ ಸಿಕ್ಕಿತು. ಅಲ್ಲಿ ಲೇಸರ್ ಇರಲಿಲ್ಲ, ಅತಿ ಸಣ್ಣ ಸ್ಫೋಟಕದ ಲೇಪ ಇತ್ತು. ದ್ರವವನ್ನು ತಳ್ಳಲು ಏನು ಬಳಸುತ್ತೀರಿ ಅನ್ನುವುದಷ್ಟೇ ವ್ಯತ್ಯಾಸ. ಮುಂಬೈ ಐಐಟಿಯ ವಿರೇನ್ ಮೆನೆಜೆಸ್ ಅವರ ತಂಡವೂ ನೈಟ್ರೋಜನ್ ಅನಿಲದ ಒತ್ತಡದಿಂದ ಇಂಥದ್ದೇ ಶಾಕ್ ಸಿರಿಂಜ್ ಮಾಡಿ ಇಲಿಗಳ ಮೇಲೆ ಪರೀಕ್ಷಿಸಿದೆ.

ಚರ್ಮದಲ್ಲೇ ಕೆಲಸ ಮಾಡಬೇಕಾದ ಔಷಧಗಳಿಗೂ ಲೇಸರ್ ತೂತು ಉಪಯೋಗಕ್ಕೆ ಬರುತ್ತದೆ. ಸುಟ್ಟ ಗಾಯದ ದಪ್ಪ ಕಲೆ ಇದ್ದರೆ ಫ್ರ್ಯಾಕ್ಷನಲ್ ಲೇಸರ್ ಮಾಡಿ, ಅದರ ಮೇಲೆ ಟ್ರೈಯಾಮ್ಸಿನಲೋನ್ ಅನ್ನುವ ಸ್ಟೀರಾಯ್ಡ್ ದ್ರವ ಹಚ್ಚುತ್ತಾರೆ. ಗಟ್ಟಿ ಕಲೆಯೊಳಗೆ ಸೂಜಿ ಚುಚ್ಚಿ ಒತ್ತುವ ನೋವು ಎಷ್ಟು ಅಂತ ಅನುಭವಿಸಿದವರಿಗೇ ಗೊತ್ತು. ಬಿಸಿಲಿನಿಂದ ಬರುವ ಕ್ಯಾನ್ಸರ್ ಪೂರ್ವದ ಚಿಪ್ಪುಗಳಿಗೆ ಯುರೋಪಿನಲ್ಲಿ ಇದು ಚೆನ್ನಾಗಿ ಬಳಕೆಯಲ್ಲಿದೆ. ತೊನ್ನಿಗೂ ಪ್ರಯತ್ನ ನಡೆದಿದೆ. ಇಲ್ಲೆಲ್ಲ ಔಷಧ ರಕ್ತಕ್ಕೆ ಹೋಗಬೇಕಾಗಿಲ್ಲ. ಹೋಗದಿದ್ದರೇ ಒಳ್ಳೆಯದು.

ಮಗಳಿಗೆ ಈಗ ಏನು ಮಾಡಬಹುದು? ಯಾವ ಸೂಜಿ ಬಳಸುತ್ತಿದ್ದೀರಿ ಅಂತ ಮೊದಲು ನೋಡಿ. 4 ಮಿಲಿಮೀಟರ್ ಉದ್ದದ, 32 ಗೇಜ್ ಪೆನ್ ಸೂಜಿ ಸಿಗುತ್ತದೆ. ಅದರ ದಪ್ಪ ಕಾಲು ಮಿಲಿಮೀಟರ್‌ಗಿಂತ ಕಡಿಮೆ. ಮಕ್ಕಳಿಗೆ ಇದೇ ಸಾಕು. ಎಷ್ಟೋ ಮನೆಗಳಲ್ಲಿ ದುಡ್ಡು ಉಳಿಸಲು ಒಂದೇ ಸೂಜಿಯನ್ನು ಒಂದು ವಾರ ಎಳೆಯುತ್ತಾರೆ. ತುದಿ ಮೊಂಡಾಗುತ್ತದೆ, ನೋವು ಜಾಸ್ತಿಯಾಗುತ್ತದೆ. ಪ್ರತಿ ಸಲ ಹೊಸ ಸೂಜಿ ಹಾಕಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ ತಣ್ಣನೆ ಇನ್ಸುಲಿನ್ ಉರಿಯುತ್ತದೆ. ಬಳಸುತ್ತಿರುವ ಪೆನ್ನನ್ನು 30 ಡಿಗ್ರಿ ದಾಟದ ತಂಪು ಜಾಗದಲ್ಲಿ ಹೊರಗೇ ಇಡಬಹುದು. ಎಷ್ಟು ದಿನ ಅನ್ನುವುದು ಪೆಟ್ಟಿಗೆಯ ಚೀಟಿಯಲ್ಲಿರುತ್ತದೆ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಿದ ಮೇಲೆ ಚುಚ್ಚಿ, ಹಸಿಯಿದ್ದಾಗ ಚುಚ್ಚಿದರೆ ಚುರ್ ಅನ್ನುತ್ತದೆ.

ಹೊಟ್ಟೆ, ತೊಡೆಗಳನ್ನು ಕೈಯಲ್ಲಿ ಸವರಿ ನೋಡಿ. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಮೆತ್ತನೆಯ ಗಂಟು ಕಟ್ಟಿರಬಹುದು. ಮಕ್ಕಳು ಅಲ್ಲೇ ಚುಚ್ಚಿ ಅಂತಾರೆ, ಯಾಕೆಂದರೆ ಅಲ್ಲಿ ನೋವು ಕಮ್ಮಿ. ಆದರೆ ಗಂಟಿನಲ್ಲಿ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ, ಶುಗರ್ ಸುಮ್ನೆ ಏರಿಳಿಯುತ್ತದೆ. ಜಾಗ ಬದಲಿಸಿ. ಎಲ್ಲಿ ಚುಚ್ಚಬೇಕು ಅನ್ನುವ ಆಯ್ಕೆ ಅವಳಿಗೇ ಬಿಡಿ, ಅಂಥ ಗಂಟುಗಳನ್ನು ಬಿಟ್ಟು. ‘ನೋವೇ ಆಗಲ್ಲ’ ಅಂತ ಮಾತ್ರ ಹೇಳಬೇಡಿ. ಒಮ್ಮೆ ಆ ಮಾತು ಸುಳ್ಳಾದರೆ ಮುಂದಿನ ಸಲ ನಂಬುವುದಿಲ್ಲ.

ಚರ್ಮದ ಮೇಲೆ ಅಂಟಿಸುವ ಪುಟ್ಟ ಪೋರ್ಟ್ ಇದೆ. ಒಮ್ಮೆ ಹಾಕಿದರೆ ಮೂರು ದಿನದವರೆಗೆ ಇರುತ್ತದೆ. ಅಷ್ಟೂ ದಿನ ಇಂಜೆಕ್ಷನ್ ಆ ಪೋರ್ಟ್‌ಗೆ ಕೊಡುತ್ತೀರಿ, ಚರ್ಮಕ್ಕಲ್ಲ. ಹನ್ನೆರಡು ಚುಚ್ಚಿನ ಜಾಗದಲ್ಲಿ ಒಂದು. ಅನುಕೂಲ ಇದ್ದರೆ ಇನ್ಸುಲಿನ್ ಪಂಪ್ ಬಗ್ಗೆಯೂ ಕೇಳಿ. ಅಮೆರಿಕದಿಂದ ಬಂದಿರುವ, ಉಸಿರಿನಲ್ಲಿ ಎಳೆದುಕೊಳ್ಳುವ ಇನ್ಸುಲಿನ್‌ಗೆ 2024ರ ಕೊನೆಯಲ್ಲಿ ಭಾರತದಲ್ಲೂ ಒಪ್ಪಿಗೆ ಸಿಕ್ಕಿದೆ. ಆದರೆ ಅದು ದೊಡ್ಡವರಿಗೆ. ಅದರ ಜೊತೆಗೂ ಟೈಪ್ 1 ಇರುವವರಿಗೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಚುಚ್ಚಲೇಬೇಕು. ಈ ಯಾವುದನ್ನೂ ನಿಮ್ಮ ಮಗಳ ಡಾಕ್ಟರನ್ನು ಕೇಳದೆ ಬದಲಿಸಬೇಡಿ.

ಡೋಸಿನ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರ್‌ಗೆ 40 ಯೂನಿಟ್‌ನದು, ಅದರ ಸಿರಿಂಜ್‌ಗೆ ಕೆಂಪು ಮುಚ್ಚಳ. ಪೆನ್ನಿನದು 100. ಪೆನ್ ಕೆಟ್ಟಿತು ಅಂತ ಅದರ ಕಾರ್ಟ್ರಿಡ್ಜ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ಗೆ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗುತ್ತದೆ. ಅಜ್ಜಿ, ಅತ್ತೆ, ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಇದನ್ನು ಹೇಳಿಡಿ.

ಇನ್ನು ನಾದಿನಿಯ ಬಂಗು. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಬಂಗು ಅಂದರೆ ಬಣ್ಣ ಮಾಡುವ ಕೋಶಗಳು ಸಣ್ಣ ಪ್ರಚೋದನೆಗೂ ಕೆರಳುವ ಸ್ಥಿತಿ. ಬಿಸಿಲು ಕೆರಳಿಸುತ್ತದೆ, ಬಿಸಿ ಕೆರಳಿಸುತ್ತದೆ, ಗಾಯ ಕೆರಳಿಸುತ್ತದೆ. ಲೇಸರ್ ಅಂದರೆ ಬಿಸಿ ಮತ್ತು ಗಾಯ ಎರಡೂ. ಕಂದು ಚರ್ಮದಲ್ಲಿ ಯಾವ ಗಾಯ ಮಾಗಿದರೂ ಕಪ್ಪು ಕಲೆ ಉಳಿಯುವ ಸ್ವಭಾವ ಜಾಸ್ತಿ. ಸೊಳ್ಳೆ ಕಚ್ಚಿದ್ದೇ ತಿಂಗಳುಗಟ್ಟಲೆ ಕಪ್ಪಾಗಿ ಇರುತ್ತದಲ್ಲ. ಲೇಸರ್ ಮಾಡಿ ಟ್ರಾನೆಕ್ಸಮಿಕ್ ಆ್ಯಸಿಡ್ ಅನ್ನುವ ಔಷಧ ಹಚ್ಚುವ ಅಧ್ಯಯನಗಳು ಇವೆ, ಕೆಲವರಿಗೆ ಗುಣ ಕಂಡಿದೆ. ಮತ್ತೆ ಮರಳುವುದೂ ಅಷ್ಟೇ ಸಾಮಾನ್ಯ. ಹಾಗಾಗಿ ಅದು ಮೊದಲ ಚಿಕಿತ್ಸೆ ಆಗಬಾರದು.

ಇನ್ನೊಂದು ಪ್ರಶ್ನೆ: ತೂತಿನ ಮೇಲೆ ಏನು ಹಚ್ಚುತ್ತಾರೆ? ಮುಚ್ಚಿದ ಚರ್ಮದ ಮೇಲೆ ಹಚ್ಚಲು ಮಾಡಿದ ಸೀರಮ್ ತೆರೆದ ಕೊಳವೆಯೊಳಗೆ ಇಳಿದರೆ ಅದರಲ್ಲಿರುವ ಸುವಾಸನೆ, ಸಂರಕ್ಷಕ ಎಲ್ಲವೂ ಒಳಗೆ ಹೋದಂತೆ. ಸಣ್ಣ ಸೂಜಿಗಳಿಂದ ತೂತು ಮಾಡಿ ವಿಟಮಿನ್ ಸಿ ಸೀರಮ್ ಹಚ್ಚಿಸಿಕೊಂಡ ಮಹಿಳೆಯರ ಮುಖದಲ್ಲಿ ಗಂಟು ಎದ್ದದ್ದನ್ನು ಅಮೆರಿಕದ ವೈದ್ಯರು 2014ರಲ್ಲಿ ವರದಿ ಮಾಡಿದ್ದಾರೆ. ಮರಗಟ್ಟಿಸುವ ಜೆಲ್ಲೂ ಹುಡುಗಾಟವಲ್ಲ. ಕೂದಲು ತೆಗೆಯುವ ಲೇಸರ್‌ಗೆ ಮುಂಚೆ ಕಾಲಿಗೆಲ್ಲ ಗಾಢವಾದ ಜೆಲ್ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡ ಇಬ್ಬರು ಯುವತಿಯರು ಅಮೆರಿಕದಲ್ಲಿ ಸತ್ತರು. 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಅಲ್ಲಿ ತೂತು ಕೂಡ ಇರಲಿಲ್ಲ.

ಕ್ಲಿನಿಕ್‌ನಲ್ಲಿ ನಾದಿನಿ ಹೀಗೆ ಕೇಳಲಿ: ಯಾವ ಲೇಸರ್, ಕಾರ್ಬನ್ ಡೈಆಕ್ಸೈಡಾ ಅರ್ಬಿಯಮ್ಮಾ? ಮೇಲೆ ಹಚ್ಚುವ ಔಷಧದ ಹೆಸರೇನು, ಅದು ಇಂಜೆಕ್ಷನ್‌ಗೆ ಮಾಡಿದ ಸ್ಟೆರೈಲ್ ದ್ರವವಾ? ಯಂತ್ರ ಹಿಡಿಯುವವರು ಚರ್ಮರೋಗ ಓದಿದ ಡಾಕ್ಟರಾ? ಉತ್ತರ ತಡವರಿಸಿದರೆ ಎದ್ದು ಬರಲಿ.

ಮದುವೆಗೆ ಮುಂಚೆ ಅಂತೂ ಬೇಡವೇ ಬೇಡ. ಲೇಸರ್ ಆದ ಮೇಲೆ ಐದಾರು ದಿನ ಮುಖದ ಮೇಲೆ ಸಣ್ಣ ಹಕ್ಕಳೆ ಇರುತ್ತದೆ. ಅದು ಉದುರಿ ಚೆನ್ನಾಗಾಯಿತು ಅನ್ನಿಸುತ್ತದೆ. ಕಪ್ಪಾಗುವುದಿದ್ದರೆ ಅದು ಕಾಣುವುದು ಮೂರು ನಾಲ್ಕು ವಾರಕ್ಕೆ, ಅಂದರೆ ಸರಿಯಾಗಿ ನಿಮ್ಮ ಮುಹೂರ್ತದ ಹೊತ್ತಿಗೆ. ಸದ್ಯಕ್ಕೆ ಬಣ್ಣ ಇರುವ ಸನ್‌ಸ್ಕ್ರೀನ್ ದಿನಾ ಹಚ್ಚಲಿ, ಅಡುಗೆ ಮನೆಯ ಬಿಸಿಯಿಂದ ಆದಷ್ಟು ದೂರ ಇರಲಿ. ಮದುವೆ ಮುಗಿದ ಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋಗುವಾಗ ಈಗ ಹಚ್ಚುತ್ತಿರುವ ಎಲ್ಲ ಟ್ಯೂಬ್‌ಗಳನ್ನೂ ಜೊತೆಗೆ ಒಯ್ಯಲಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಬಿಳುಪಿನ ಕ್ರೀಮ್ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಅವರು ಮೊದಲು ನೋಡಬೇಕು.